ಗುಂಟೆ ಲೆಕ್ಕದ ಹೂವಿನ ಮಡಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಹೂವಿಗೆ ಸಾಮಾನ್ಯವಾಗಿ ಸಿಗುವುದು ಹೊಲದ ಒಂದು ಮೂಲೆ. ರಾಗಿ, ಕಡಲೆಕಾಯಿ, ತೊಗರಿ ಹೊಲದಲ್ಲಿ ಬೋರ್‌ವೆಲ್ಲಿಗೆ ಹತ್ತಿರವಾದ ಐದೋ ಹತ್ತೋ ಗುಂಟೆ, ಇಲ್ಲವೇ ಅಡಿಕೆ ಸಸಿ ಇನ್ನೂ ಮೇಲೇಳದ ತೋಟದ ಸಾಲುಗಳ ನಡುವಿನ ಜಾಗ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಚದರ ಮೀಟರಿನಲ್ಲಿ ಸುಮಾರು ನೂರು. ನಲವತ್ತು ಗುಂಟೆಗೆ ಒಂದು ಎಕರೆ. ಇಷ್ಟು ಚಿಕ್ಕ ಜಾಗದಲ್ಲಿ ಹೂ ಬೆಳೆದು ನಾಲ್ಕು ಕಾಸು ನೋಡಬೇಕಾದರೆ ಯಾವ ಹೂ ಹಾಕಬೇಕೆಂಬ ಪ್ರಶ್ನೆ ಕೊನೆಗೆ ಬರಬೇಕು. ಏಪ್ರಿಲ್‌ನಲ್ಲಿ ಬೋರ್‌ವೆಲ್ ಎಷ್ಟು ನೀರು ಕೊಡುತ್ತದೆ, ಬೆಳಗಿನ ಜಾವ ಹೂ ಬಿಡಿಸಲು ಮನೆಯಲ್ಲಿ ಎಷ್ಟು ಕೈಗಳಿವೆ, ಹಬ್ಬ ಯಾವ ದಿನ ಬೀಳುತ್ತದೆ, ಈ ಮೂರನ್ನು ಮೊದಲು ಬರೆದಿಟ್ಟುಕೊಂಡರೆ ಹೂವಿನ ಆಯ್ಕೆ ಹೆಚ್ಚುಕಡಿಮೆ ತಾನಾಗಿ ಆಗುತ್ತದೆ.

ಇಂಗ್ಲೆಂಡಿನಂಥ ಚಳಿ ದೇಶಗಳಲ್ಲಿ ಊರಿನವರು ಬಾಡಿಗೆಗೆ ಪಡೆದ ತುಂಡು ತೋಟದಲ್ಲಿ ಹೂದಾನಿಗೆಂದು ಡೇಲಿಯಾ, ಜಿನ್ನಿಯಾ ಬೆಳೆಯುತ್ತಾರೆ. ಅಲ್ಲಿ ಲೆಕ್ಕ ಶುರುವಾಗುವುದು ಇಬ್ಬನಿ ಹೆಪ್ಪುಗಟ್ಟುವ ಕಾಲ ಮುಗಿದ ದಿನದಿಂದ. ಇಲ್ಲಿ ಆ ಭಯವಿಲ್ಲ. ವರ್ಷದ ಹನ್ನೆರಡು ತಿಂಗಳೂ ಯಾವುದಾದರೊಂದು ಹೂ ಅರಳುತ್ತದೆ. ಅರಳಿದ ಹೂವಿಗೆ ಹೂದಾನಿಯ ಕೆಲಸವೂ ಕಡಿಮೆ. ಮುಡಿಗೆ, ದೇವರಿಗೆ, ಬಾಗಿಲ ತೋರಣಕ್ಕೆ, ಮದುವೆಯ ಹಾರಕ್ಕೆ ಹೋಗುವ ಬಿಡಿಹೂವೇ ಈ ಸೀಮೆಯ ಬೆಳೆ. ಕಾಂಡಸಹಿತ ಕೊಯ್ದು ಮಾರುವ ಹೂವೆಂದರೆ ಸುಗಂಧರಾಜದ ಕಡ್ಡಿ, ಅಲ್ಲೊಂದು ಇಲ್ಲೊಂದು ನೆರಳುಮನೆಯ ಗುಲಾಬಿ, ಜರ್ಬೆರಾ ಅಷ್ಟೆ.

ಮೊದಲು ನೀರು. ಈ ತಾಲ್ಲೂಕುಗಳ ವಾರ್ಷಿಕ ಮಳೆ ಸ್ಥೂಲವಾಗಿ 500ರಿಂದ 700 ಮಿಲಿಮೀಟರ್. ಜಯಮಂಗಲಿ, ಸುವರ್ಣಮುಖಿ ಹರಿಯುವ ಕೊರಟಗೆರೆ ಕಡೆ ಸ್ವಲ್ಪ ಹೆಚ್ಚು, ಪಾವಗಡದ ಕಡೆ ಕಡಿಮೆ. ಅದರಲ್ಲೂ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಬೇಸಿಗೆಯಲ್ಲಿ ಹನಿ ನೀರಾವರಿಯ ಹೂವಿನ ಮಡಿಗೆ ದಿನಕ್ಕೆ ಐದು ಮಿಲಿಮೀಟರಿನಷ್ಟು ನೀರು ಬೇಕು ಎಂದು ಹಿಡಿದರೆ, ಚದರ ಮೀಟರಿಗೆ ಐದು ಲೀಟರ್, ಗುಂಟೆಗೆ 500 ಲೀಟರ್, ಹತ್ತು ಗುಂಟೆಗೆ ಐದು ಸಾವಿರ ಲೀಟರ್ ಆಗುತ್ತದೆ. ಅಂದರೆ ದಿನಕ್ಕೊಂದು ಟ್ಯಾಂಕರ್. ನವೆಂಬರಿನಲ್ಲಿ ಎರಡು ಇಂಚು ಹೊಡೆಯುವ ಬೋರ್‌ವೆಲ್ ಏಪ್ರಿಲ್‌ನಲ್ಲಿ ಗಾಳಿ ಉಗುಳುವುದನ್ನು ಈ ಸೀಮೆಯ ಪ್ರತಿಯೊಂದು ಊರೂ ಕಂಡಿದೆ. ಹಾಗಾಗಿ ಮಡಿಯ ವಿಸ್ತೀರ್ಣವನ್ನು ನವೆಂಬರಿನ ನೀರಿಗೆ ಹೊಂದಿಸಿದರೆ ಕೈಸುಡುತ್ತದೆ. ವರ್ಷಗಟ್ಟಲೆ ನಿಲ್ಲುವ ಕನಕಾಂಬರ, ಸುಗಂಧರಾಜ, ಕಾಕಡಗಳಿಗೆ ಏಪ್ರಿಲ್‌ನ ನೀರು ಎಷ್ಟಕ್ಕೆ ಸಾಲುತ್ತದೋ ಅಷ್ಟೇ ಗುಂಟೆ. ಉಳಿದ ಜಾಗದಲ್ಲಿ ಜೂನ್‌ನಿಂದ ಜನವರಿಯೊಳಗೆ ಬಂದು ಹೋಗುವ ಚೆಂಡುಹೂ, ಆಸ್ಟರ್, ಸೇವಂತಿಗೆ. ಈ ಒಂದು ಗೆರೆ ಸರಿಯಾಗಿ ಎಳೆದವರಿಗೆ ಮಾರ್ಚ್ ಬಂದಾಗ ಟ್ಯಾಂಕರ್ ನೀರಿಗೆ ದುಡ್ಡು ಸುರಿಯುವ ಪಾಡು ಬರುವುದಿಲ್ಲ.

ನೀರಿನ ಪ್ರಮಾಣದ ಜೊತೆಗೆ ಗುಣವೂ ನೋಡಬೇಕು. ಪಾವಗಡ ಮತ್ತು ಮಧುಗಿರಿಯ ಆಳದ ಬೋರ್‌ವೆಲ್‌ಗಳಲ್ಲಿ ನೀರು ಗಡುಸು. ಹನಿ ನೀರಾವರಿಯ ಪೈಪಿನ ತೂತುಗಳಲ್ಲಿ ಬಿಳಿ ಸುಣ್ಣ ಕಟ್ಟಿಕೊಂಡು ಒಂದು ಸಾಲಿಗೆ ನೀರು ಬಂದರೆ ಪಕ್ಕದ ಸಾಲು ಒಣಗುತ್ತದೆ. ಪೈಪಿನ ಕೊನೆಯ ಮುಚ್ಚಳ ಬಿಚ್ಚಿ ವಾರಕ್ಕೊಮ್ಮೆ ನೀರು ರಭಸವಾಗಿ ಹೊರಬಿಡುವುದು ಬೇಸರದ ಕೆಲಸವೇ ಸರಿ, ಆದರೆ ತಪ್ಪಿಸುವಂತಿಲ್ಲ. ಗಿಡ ಹಾಕುವ ಮೊದಲೇ ಮಣ್ಣು, ನೀರು ಎರಡನ್ನೂ ಪರೀಕ್ಷೆಗೆ ಕೊಡುವುದು ಒಳ್ಳೆಯದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅಧೀನದ ಕೃಷಿ ವಿಜ್ಞಾನ ಕೇಂದ್ರ ತುಮಕೂರು ಸಮೀಪದ ಹಿರೇಹಳ್ಳಿಯಲ್ಲೇ ಇದೆ.

ಎರಡನೆಯದು ಕೈಗಳ ಲೆಕ್ಕ. ಕನಕಾಂಬರ ಎಷ್ಟು ಹಗುರವೆಂದರೆ ಒಂದು ಕಿಲೋ ತೂಗಲು ಸುಮಾರು 15 ಸಾವಿರ ಹೂ ಬೇಕು. ಗಿಡದ ತೆನೆಯಲ್ಲಿ ಹೂ ಕೆಳಗಿನಿಂದ ಮೇಲಕ್ಕೆ ಒಂದೊಂದು ಸುತ್ತಾಗಿ ಅರಳುತ್ತಾ ಹೋಗುತ್ತದೆ. ತೆನೆಗೆ ನೋವಾಗದಂತೆ, ಹಸಿರು ಪೊರೆಯನ್ನು ಅಲ್ಲೇ ಬಿಟ್ಟು, ಕೇಸರಿ ಎಸಳನ್ನಷ್ಟೇ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಎಳೆಯಬೇಕು. ಹೂವಿನ ಸಪೂರ ಕೊಳವೆ ಪೂರ್ತಿ ಈಚೆ ಬಂದರೆ ಮಾತ್ರ ಕಟ್ಟಲು ಬರುತ್ತದೆ, ತುಂಡಾದರೆ ಆ ಹೂ ದಂಡ. ದಿನ ಬಿಟ್ಟು ದಿನ, ಬಿಸಿಲೇರುವ ಮುಂಚೆ ಈ ಕೆಲಸ ಮುಗಿಯಬೇಕು. ಮನೆಯಲ್ಲಿ ಇಬ್ಬರೇ ಹೂ ಬಿಡಿಸುವವರಿದ್ದರೆ ಕನಕಾಂಬರ ಎರಡು ಮೂರು ಗುಂಟೆ ಮೀರಬಾರದು. ಕೂಲಿಯವರನ್ನು ನಂಬಿ ಅರ್ಧ ಎಕರೆ ಹಾಕಿದರೆ ಬಂದ ಹಣವೆಲ್ಲ ಬಿಡಿಸುವ ಕೂಲಿಗೇ ಹೋಗುತ್ತದೆ. ಚೆಂಡುಹೂ ಅದಕ್ಕೆ ತದ್ವಿರುದ್ಧ: ಕೈಗೆ ತುಂಬ ಸಿಗುತ್ತದೆ, ಬೇಗ ಮೂಟೆ ತುಂಬುತ್ತದೆ, ಆದರೆ ಬೆಲೆ ಬಿದ್ದರೆ ಬಸ್ ಚಾರ್ಜೂ ಹುಟ್ಟುವುದಿಲ್ಲ.

ಮಡಿ ಹಾಕುವ ಕೆಲಸ ಮೇ ತಿಂಗಳ ಮೊದಲ ಮಳೆಗೆ ಶುರು. ಈ ಭಾಗದ ಕೆಂಪು ಮರಳುಗೋಡು ಮಣ್ಣು ನೀರನ್ನು ಬೇಗ ಇಂಗಿಸುತ್ತದೆ. ಬೇರು ಕೊಳೆಯುವ ಸಮಸ್ಯೆ ಕಡಿಮೆ ಎನ್ನುವುದು ಅನುಕೂಲ, ಸಾರ ನಿಲ್ಲುವುದಿಲ್ಲ ಎನ್ನುವುದು ತೊಂದರೆ. ಕಪ್ಪು ಕೆರೆಗೋಡು ಹೊಡೆಸಲು ಸಿಕ್ಕರೆ ಒಳ್ಳೆಯದು. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಗುಂಟೆಗೆ ಕಾಲು ಟನ್ನಿನಷ್ಟು ಬೇಕು. ಶಿರಾ, ಪಾವಗಡದ ಕಡೆ ಕುರಿ ಸಾಕಣೆ ಹೆಚ್ಚು. ಬೇಸಿಗೆಯಲ್ಲಿ ಹೊಲದಲ್ಲಿ ಕುರಿಮಂದೆ ತರುಬಿಸುವ ಹಳೆಯ ಪದ್ಧತಿ ಹೂವಿನ ಮಡಿಗೆ ಹೇಳಿ ಮಾಡಿಸಿದಂಥದ್ದು. ಹಿಕ್ಕೆ, ಗಂಜಲ ಎರಡೂ ನೇರ ಮಣ್ಣಿಗೆ ಸೇರುತ್ತವೆ. ಮಂದೆ ಎದ್ದ ಮೇಲೆ ಒಂದು ಉಳುಮೆ ಮಾಡಿ, ಒಂದೆರಡು ಮಳೆ ಬೀಳುವವರೆಗೆ ಬಿಟ್ಟರೆ ಬಿಸಿ ಆರುತ್ತದೆ.

ಮಡಿಯ ಅಗಲ ಮೂರು ಅಡಿ ಇರಲಿ. ಎರಡೂ ಬದಿಯಿಂದ ಕೈಚಾಚಿದರೆ ನಡುವಿನ ಗಿಡ ಸಿಗಬೇಕು. ಅದಕ್ಕಿಂತ ಅಗಲವಾದರೆ ಹೂ ಬಿಡಿಸುವವರು ಮಡಿಯೊಳಗೇ ಕಾಲಿಡುತ್ತಾರೆ, ಮಣ್ಣು ಗಟ್ಟಿಯಾಗುತ್ತದೆ. ಮಡಿಗಳ ನಡುವೆ ಒಂದೂವರೆ ಅಡಿ ದಾರಿ. ಹೀಗೆ ಮಾಡಿದರೆ ಗುಂಟೆಗೆ 33 ಅಡಿ ಉದ್ದದ ಏಳು ಮಡಿ ಬರುತ್ತವೆ. ಸೇವಂತಿಗೆ, ಆಸ್ಟರ್‌ಗಳನ್ನು ಅಡಿಗೊಂದರಂತೆ ಮೂರು ಸಾಲು ನೆಟ್ಟರೆ ಮಡಿಗೆ ಸುಮಾರು ನೂರು ಗಿಡ, ಗುಂಟೆಗೆ ಏಳುನೂರು. ಚೆಂಡುಹೂ ಪೊದೆ ಕಟ್ಟುವುದರಿಂದ ಒಂದೂವರೆ ಅಡಿ ಅಂತರದಲ್ಲಿ ಎರಡು ಸಾಲು, ಗುಂಟೆಗೆ ಮುನ್ನೂರರ ಆಸುಪಾಸು. ಸಸಿ ತರುವ ಮುಂಚೆ ಈ ಲೆಕ್ಕ ಕೈಯಲ್ಲಿದ್ದರೆ ನರ್ಸರಿಯಲ್ಲಿ ಟ್ರೇಗಟ್ಟಲೆ ಹೆಚ್ಚು ಕೊಂಡು ಬದುವಿನ ಮೇಲೆ ಒಣಗಿಸುವುದು ತಪ್ಪುತ್ತದೆ. ಮಡಿ ಅರ್ಧ ಅಡಿಯಾದರೂ ಎತ್ತರವಿರಬೇಕು. ಸೆಪ್ಟೆಂಬರಿನ ಜಡಿಮಳೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಇಳಿಜಾರಿಗೆ ಅಡ್ಡವಾಗಿ ಮಡಿ ಎಳೆಯುವುದನ್ನು ಹೊಲ ಉಳುವವರಿಗೆ ಹೇಳಿಕೊಡಬೇಕಿಲ್ಲ.

ಶಿರಾದಲ್ಲಿ ತೋಟ ಮಾಡುವ ಕಸುಬು ಇಂದು ನಿನ್ನೆಯದಲ್ಲ. 1687ರಲ್ಲಿ ಮೊಘಲರ ಕೈಸೇರಿ ಸುಬಾದ ರಾಜಧಾನಿಯಾದ ಊರಿದು. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿ ಆಳಿದ ದಿಲಾವರ್ ಖಾನನ ಕಾಲದ ಅರಮನೆ ಮತ್ತು ಖಾನ್‌ಬಾಗ್ ತೋಟಕ್ಕೆ ದೊಡ್ಡ ಹೆಸರಿತ್ತು. 1760ರಲ್ಲಿ ಹೈದರ್ ಅಲಿ ಬೆಂಗಳೂರಿನಲ್ಲಿ ಆರಂಭಿಸಿದ ಲಾಲ್‌ಬಾಗಿಗೆ ಈ ತೋಟವೇ ಪ್ರೇರಣೆ ಎಂಬ ಮಾತು ಇತಿಹಾಸದ ಬರಹಗಳಲ್ಲಿದೆ. ಇಷ್ಟು ಒಣ ಸೀಮೆಯಲ್ಲಿ ಅಂಥ ತೋಟ ನಿಂತದ್ದು ಕೆರೆ, ಬಾವಿಗಳ ನೀರನ್ನು ಅಳೆದು ಬಳಸಿದ್ದರಿಂದಲೇ ಇರಬೇಕು.

ಇನ್ನು ಹೂಗಳು. ಹೊಸದಾಗಿ ಮಡಿ ಹಾಕುವವರು ಚೆಂಡುಹೂವಿನಿಂದ ಶುರುಮಾಡುವುದೇ ಸರಿ. ಬಿತ್ತಿದ ಮೂರು ನಾಲ್ಕು ವಾರಕ್ಕೆ ಸಸಿ ಸಿದ್ಧ, ನೆಟ್ಟ ಎರಡು ತಿಂಗಳಿಗೆ ಮೊದಲ ಹೂ, ಆಮೇಲೆ ಇನ್ನೂ ಎರಡು ತಿಂಗಳು ಕೊಯ್ಲು. ನೆಟ್ಟು ತಿಂಗಳು ಕಳೆದಾಗ ನೆತ್ತಿಯ ಕುಡಿ ಚಿವುಟಬೇಕು. ಚಿವುಟಲು ಮನಸ್ಸು ಬಾರದೆ ಮೊದಲ ಮೊಗ್ಗನ್ನು ಉಳಿಸಿಕೊಂಡವರಿಗೆ ಆ ಒಂದು ಹೂ ದಪ್ಪನಾಗಿ ಸಿಗುತ್ತದೆ, ಪಕ್ಕದ ಕವಲು ಕಡಿಮೆಯಾಗುತ್ತವೆ. ಈ ಬೆಳೆಗೆ ಇನ್ನೊಂದು ದೊಡ್ಡ ಗುಣವಿದೆ: ಇದರ ಬೇರಿನಿಂದ ಒಸರುವ ರಾಸಾಯನಿಕ ಮಣ್ಣಿನ ಜಂತುಹುಳುಗಳನ್ನು ಹತ್ತಿಕ್ಕುತ್ತದೆ. ಬೇರುಗಂಟು ಮಾಡುವ ಈ ಜಂತುಹುಳುವೇ ಕನಕಾಂಬರ ಮತ್ತು ಸುಗಂಧರಾಜದ ದೊಡ್ಡ ಶತ್ರು. ಆದ್ದರಿಂದ ಮೊದಲ ಹಂಗಾಮಿಗೆ ಚೆಂಡುಹೂ ಬೆಳೆದ ಮಡಿಯಲ್ಲೇ ಮರುವರ್ಷ ಕನಕಾಂಬರ ನೆಡುವುದು ಜಾಣತನ. ಹೆಸರಘಟ್ಟದ ಸಂಸ್ಥೆ ಅರ್ಕಾ ಅಗ್ನಿ, ಅರ್ಕಾ ಬಂಗಾರ ಎಂಬ ತಳಿಗಳನ್ನು ಬಿಡುಗಡೆ ಮಾಡಿದೆ. ಪೇಟೆಯಲ್ಲಿ ಖಾಸಗಿ ಕಂಪನಿಗಳ ಹೈಬ್ರಿಡ್ ಬೀಜಗಳದ್ದೇ ಹೆಚ್ಚಿನ ಓಡಾಟ.

ಆಸ್ಟರ್ ಚಿಕ್ಕ ಮಡಿಗೆ ಒಗ್ಗುವ ಹೂ. ನೆಟ್ಟ ಎರಡೂವರೆ ಮೂರು ತಿಂಗಳಿಗೆ ಬಿಳಿ, ಗುಲಾಬಿ, ನೇರಳೆ ಬಣ್ಣಗಳಲ್ಲಿ ಬರುತ್ತದೆ, ಒಂದು ತಿಂಗಳಲ್ಲಿ ಮುಗಿದೂ ಹೋಗುತ್ತದೆ. ಒಂದೇ ಸಲ ಏಳು ಮಡಿ ತುಂಬುವ ಬದಲು ಹದಿನೈದು ದಿನಕ್ಕೆ ಎರಡರಂತೆ ನೆಟ್ಟರೆ ಎರಡೂವರೆ ತಿಂಗಳು ಹೂ ಸಿಗುತ್ತದೆ. ಕಾಮಿನಿ, ಪೂರ್ಣಿಮಾ, ಶಶಾಂಕ್, ವಯಲೆಟ್ ಕುಶನ್ ಹೆಸರಘಟ್ಟದ ತಳಿಗಳು. ಇದರ ಬೀಜ ಬಹಳ ಕಾಲ ಬಾಳುವುದಿಲ್ಲ. ಹೋದ ವರ್ಷದ ಪೊಟ್ಟಣ ಕೊಳ್ಳಬಾರದು. ಅದೇ ಮಡಿಯಲ್ಲಿ ಮತ್ತೆ ಮತ್ತೆ ಆಸ್ಟರ್ ಹಾಕುತ್ತಾ ಹೋದರೆ ಸೊರಗು ರೋಗ ನೆಲಕ್ಕೆ ಅಂಟಿಕೊಳ್ಳುತ್ತದೆ.

ಸೇವಂತಿಗೆ ಈ ಸೀಮೆಯ ಅಭಿಮಾನದ ಹೂ, ಬೆಲೆ ಬಂದರೆ ಮನೆ ಕಟ್ಟಿಸುವ ಹೂ ಎಂಬ ಹೆಸರೂ ಅದಕ್ಕಿದೆ. ಹಗಲು ಕುಗ್ಗಿ ರಾತ್ರಿ ಹಿಗ್ಗಿದಂತೆ ಮೊಗ್ಗು ಕಟ್ಟುವುದು ಅದರ ಸ್ವಭಾವ. ಈ ಭಾಗದಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಯಷ್ಟೇ ಆದರೂ ಗಿಡ ಆ ವ್ಯತ್ಯಾಸವನ್ನು ಹಿಡಿಯುತ್ತದೆ. ಜೂನ್, ಜುಲೈನಲ್ಲಿ ನೆಟ್ಟು, ನಾಲ್ಕನೆಯ ವಾರದಲ್ಲಿ ಒಮ್ಮೆ ಕುಡಿ ಚಿವುಟಿ, ದೀಪಾವಳಿಯ ಹೊತ್ತಿಗೆ ಹೂ ಶುರುವಾಗಿ ಸಂಕ್ರಾಂತಿವರೆಗೆ ಕೊಯ್ಯುವುದು ಮಾಮೂಲಿ ಕ್ರಮ. ಇಲ್ಲೊಂದು ಎಚ್ಚರ: ತಡವಾಗಿ, ಸೆಪ್ಟೆಂಬರಿನಲ್ಲಿ ನೆಟ್ಟ ಗಿಡ ಗೇಣುದ್ದವಿರುವಾಗಲೇ ಮೊಗ್ಗಿಗೆ ಬಂದುಬಿಡುತ್ತದೆ, ಇಳುವರಿ ಅಲ್ಲಿಗೇ ನಿಂತಿತು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊಲದ ಮೇಲೆ ಸಾಲು ಬಲ್ಬು ಉರಿಸುವುದು ಇದನ್ನು ತಡೆಯಲೆಂದೇ. ಕತ್ತಲೆಯ ನಡುವೆ ಕೆಲವು ಗಂಟೆ ಬೆಳಕು ಬಿದ್ದರೆ ಗಿಡ ಹಗಲು ಇನ್ನೂ ಉದ್ದವಿದೆಯೆಂದು ಎಣಿಸಿ ಬೆಳೆಯುತ್ತಲೇ ಇರುತ್ತದೆ. ಬಲ್ಬು ಆರಿಸಿದ ಮೇಲೆ ಮೊಗ್ಗು. ರಾತ್ರಿ ಕರೆಂಟು ನೆಚ್ಚಿಕೊಳ್ಳಬಹುದಾದ ಹೊಲಕ್ಕೆ ಮಾತ್ರ ಈ ವಿಧಾನ.

ಕನಕಾಂಬರ ದಕ್ಷಿಣ ಭಾರತ, ಶ್ರೀಲಂಕಾದ್ದೇ ಗಿಡ. ಚೆಂಡುಹೂ, ಸುಗಂಧರಾಜ ಮೆಕ್ಸಿಕೋ ಕಡೆಯಿಂದ ಬಂದವು, ಆಸ್ಟರ್ ಚೀನಾದಿಂದ. ಈ ಮೂರರ ಎದುರು ನೆಲದ ಮಗಳೆಂದರೆ ಕನಕಾಂಬರವೇ. ಎಳೆಯ ಅಡಿಕೆ, ನುಗ್ಗೆಯ ಅರೆನೆರಳನ್ನೂ ಸಹಿಸುತ್ತದೆ, ನೆಟ್ಟ ಎರಡು ಮೂರು ತಿಂಗಳಿಗೆ ಹೂ ಶುರುವಾಗಿ ಎರಡು ವರ್ಷಕ್ಕೂ ಮೀರಿ ಬಾಳುತ್ತದೆ. ದೆಹಲಿ ಕನಕಾಂಬರ ಎಂಬ ದಟ್ಟ ಬಣ್ಣದ ತಳಿ ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಕಡ್ಡಿ ತರುವ ತಾಯಿಗಿಡದ ಬೇರಿನಲ್ಲಿ ಗಂಟು ಇಲ್ಲದ್ದನ್ನು ಕಿತ್ತು ನೋಡಿ ತರಬೇಕು. ಜಡಿಮಳೆಯಲ್ಲಿ ಹೂ ಇಳಿಯುತ್ತದೆ, ಬೆಲೆ ಏರುತ್ತದೆ.

ಸುಗಂಧರಾಜಕ್ಕೆ ಗೆಡ್ಡೆಯ ಖರ್ಚು ಮೊದಲೇ ಬೀಳುವುದರಿಂದ ಮೊದಲ ವರ್ಷವೇ ಅದಕ್ಕೆ ಕೈಹಾಕುವುದು ಬೇಡ. ಗಿಡ ಕಿತ್ತ ಮೇಲೆ ಗೆಡ್ಡೆಯನ್ನು ತಿಂಗಳೊಪ್ಪತ್ತು ನೆರಳಲ್ಲಿ ಆರಿಸಿ, ಹುಣಸೆಬೀಜಕ್ಕಿಂತ ದಪ್ಪನಾದವನ್ನು ಆರಿಸಿಕೊಂಡು ನೆಟ್ಟರೆ ಮೂರು ತಿಂಗಳ ಮೇಲೆ ಕಡ್ಡಿ ಬರುತ್ತದೆ, ಮೂರು ವರ್ಷ ಇರುತ್ತದೆ. ಒಂಟಿ ಸುತ್ತಿನದು ಹಾರಕ್ಕೆ, ಜೋಡಿ ಸುತ್ತಿನದು ಕಡ್ಡಿಸಹಿತ ಅಲಂಕಾರಕ್ಕೆ. ಕಾಕಡಕ್ಕೆ ಮಲ್ಲಿಗೆಯ ಪರಿಮಳವಿಲ್ಲ, ಆದರೆ ಒಣಗಾಳಿ ತಡೆಯುತ್ತದೆ, ಹೆಚ್ಚುಕಡಿಮೆ ವರ್ಷವಿಡೀ ಹೂ ಕೊಡುತ್ತದೆ. ಬದುವಿನ ಅಂಚಿಗೆ ಹತ್ತು ಗಿಡವಿರಲಿ. ಹಾರದಲ್ಲಿ ಹಸಿರು ಬೇಕಾದಾಗ ಮರುಗ, ದವನ ಒಂದು ಅರೆಮಡಿಯಲ್ಲಿ ಸಾಕಾಗುತ್ತವೆ.

ನೆಡುವ ದಿನವನ್ನು ಹಬ್ಬದಿಂದ ಹಿಂದಕ್ಕೆ ಎಣಿಸಬೇಕು. ಇಂಗ್ಲಿಷ್ ಕ್ಯಾಲೆಂಡರ್ ನೋಡಿ ಹೋದ ವರ್ಷ ನೆಟ್ಟ ತಾರೀಖಿಗೇ ಈ ವರ್ಷವೂ ನೆಟ್ಟರೆ ಲೆಕ್ಕ ಕೆಡುತ್ತದೆ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂತು, 2024ರಲ್ಲಿ ಅಕ್ಟೋಬರ್ 12ಕ್ಕೆ, 2025ರಲ್ಲಿ ಅಕ್ಟೋಬರ್ 2ಕ್ಕೆ. ಎರಡೇ ವರ್ಷದಲ್ಲಿ ಮೂರು ವಾರ ಹಿಂದಕ್ಕೆ. ಅಧಿಕ ಮಾಸ ಬಂದ ವರ್ಷ ಮತ್ತೆ ಮುಂದಕ್ಕೆ. 2025ರ ಆಯುಧಪೂಜೆಗೆ ಚೆಂಡುಹೂ ಭರ್ತಿಯಾಗಿ ಸಿಗಬೇಕೆಂದರೆ ಜುಲೈ 20ರ ಸುಮಾರಿಗೆ ಸಸಿ ನೆಟ್ಟಿರಬೇಕಿತ್ತು, ಜೂನ್ ಕೊನೆಯ ವಾರ ಬಿತ್ತಿರಬೇಕಿತ್ತು. 2023ಕ್ಕೆ ಅದೇ ಕೆಲಸ ಆಗಸ್ಟ್ ಎರಡನೆಯ ವಾರ. ಹೂ ಹತ್ತು ಹದಿನೈದು ದಿನ ಬೇಗ ಬಂದರೆ ಇನ್ನೊಂದು ಏಟು: ನವರಾತ್ರಿಗೆ ಮುಂಚಿನ ಪಕ್ಷ ಪಿತೃಪಕ್ಷ. ಮದುವೆ, ಗೃಹಪ್ರವೇಶ ಯಾವುದೂ ಇಲ್ಲದ ಆ ಹದಿನೈದು ದಿನ ಹೂವಿನ ಬೆಲೆ ನೆಲ ಕಚ್ಚುತ್ತದೆ. ಆಷಾಢವೂ ಹಾಗೆಯೇ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ, ಅದರ ಹಿಂದೆಯೇ ಗೌರಿ ಗಣೇಶ. ಈ ಹಬ್ಬಗಳಿಗೆ ಹೂ ಬೇಕಾದವರು ಮೇ ತಿಂಗಳಲ್ಲೇ, ಅಂದರೆ ನೀರು ಅತಿ ಕಡಿಮೆ ಇರುವಾಗಲೇ, ಸಸಿ ಎಬ್ಬಿಸಬೇಕು. ಅದಕ್ಕೇ ಆ ಹಬ್ಬಗಳ ಬೆಲೆ ಏರುಗತಿಯಲ್ಲಿರುತ್ತದೆ.

ಹಾಗೆಂದು ಇಡೀ ಮಡಿಯನ್ನು ಒಂದೇ ಹಬ್ಬಕ್ಕೆ ಒಡ್ಡುವುದು ಜೂಜು. ದಸರಾ ವಾರದಲ್ಲಿ ಮಳೆ ಹಿಡಿದರೆ ಚೆಂಡುಹೂ ಗಿಡದಲ್ಲೇ ಕೊಳೆಯುತ್ತದೆ, ಎಲ್ಲರ ಹೊಲದಲ್ಲೂ ಒಟ್ಟಿಗೆ ಅರಳಿದರೆ ಬೆಲೆ ಕುಸಿಯುತ್ತದೆ. ಹತ್ತು ಗುಂಟೆಯಲ್ಲಿ ನಾಲ್ಕು ಗುಂಟೆ ಹಬ್ಬಕ್ಕೆ, ಆರು ಗುಂಟೆ ವಾರದ ಸಂಪಾದನೆಗೆ ಎಂದು ಹಂಚುವುದು ಮೇಲು. ವಾರದ ಸಂಪಾದನೆಗೆ ಇಲ್ಲಿ ದೇವಸ್ಥಾನಗಳಿವೆ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿಗೆ ಶುಕ್ರವಾರ ಜನ ಸೇರುತ್ತಾರೆ, ಪಾವಗಡದ ಶನಿಮಹಾತ್ಮ ದೇವಸ್ಥಾನಕ್ಕೆ ಶನಿವಾರ, ಅದರಲ್ಲೂ ಶ್ರಾವಣ ಶನಿವಾರ. ಮಧುಗಿರಿಯಲ್ಲಿ ದಂಡಿನ ಮಾರಮ್ಮನ ಜಾತ್ರೆ ಇದೆ. ಗುರುವಾರ ಸಂಜೆ ಹೂ ಬಿಡಿಸಿ ಕಟ್ಟಿದರೆ ಶುಕ್ರವಾರ ಬೆಳಿಗ್ಗೆ ಗೊರವನಹಳ್ಳಿ ಮುಂದಿನ ಅಂಗಡಿಗೆ ಕೊಡಬಹುದು, ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ದಲ್ಲಾಳಿ ಕಮಿಷನ್ನೂ ಇಲ್ಲ, ಲಾರಿ ಬಾಡಿಗೆಯೂ ಇಲ್ಲ.

ದೂರದ ಪೇಟೆಗೆ ಕಳಿಸುವವರಿಗೆ ತಾಲ್ಲೂಕಿಗೊಂದು ದಾರಿ. ಶಿರಾ ಮೂಲಕ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುವುದರಿಂದ ಸಂಜೆಯ ಹೂ ರಾತ್ರೋರಾತ್ರಿ ತುಮಕೂರು, ಬೆಂಗಳೂರು ಮುಟ್ಟುತ್ತದೆ. ಪಾವಗಡ ಹೆಚ್ಚುಕಡಿಮೆ ಸುತ್ತಲೂ ಆಂಧ್ರದ ನೆಲದಿಂದ ಆವರಿಸಿಕೊಂಡ ತಾಲ್ಲೂಕು. ಅಲ್ಲಿನವರಿಗೂ ಮಧುಗಿರಿಯ ಪೂರ್ವದ ಹೋಬಳಿಗಳವರಿಗೂ ಹಿಂದೂಪುರ, ಮಡಕಶಿರಾ ಹತ್ತಿರ.

ಈ ಭಾಗದಲ್ಲಿ ಸೇವಂತಿಗೆ, ಕಾಕಡ, ಕನಕಾಂಬರಗಳನ್ನು ಕಟ್ಟಿ ಮಾರಿನ ಲೆಕ್ಕದಲ್ಲಿ ಮಾರುವ ರೂಢಿಯಿದೆ. ಎರಡೂ ತೋಳು ಚಾಚಿದಷ್ಟು ಉದ್ದ ಒಂದು ಮಾರು, ನಾಲ್ಕು ಮೊಳ. ಬಿಡಿಹೂ ಕಿಲೋ ಲೆಕ್ಕದಲ್ಲಿ ಕೊಡುವುದಕ್ಕಿಂತ ಕಟ್ಟಿ ಕೊಟ್ಟರೆ ಮನೆಯ ಹೆಂಗಸರ ದುಡಿಮೆಗೂ ಬೆಲೆ ಸೇರುತ್ತದೆ. ಆದರೆ ಆ ದುಡಿಮೆಯನ್ನು ಖರ್ಚಿನ ಪಟ್ಟಿಯಲ್ಲಿ ಬರೆಯುವವರು ಅಪರೂಪ. ಬರೆಯಲೇಬೇಕು. ನಸುಕಿನಲ್ಲಿ ಬಿಡಿಸಿ, ಮಧ್ಯಾಹ್ನವೆಲ್ಲ ಕೂತು ಕಟ್ಟಿದ ಗಂಟೆಗಳಿಗೆ ಕೂಲಿ ಹಾಕಿ ನೋಡಿದ ಮೇಲೂ ಉಳಿಯುವ ಹಣವೇ ಮಡಿಯ ನಿಜವಾದ ಲಾಭ, ಯಾವ ಹೂವನ್ನು ಮುಂದಿನ ವರ್ಷ ಉಳಿಸಿಕೊಳ್ಳಬೇಕೆಂದು ಹೇಳುವುದೂ ಅದೇ ಅಂಕಿ. ಮಾರು ಅಳೆಯುವ ತೋಳು ಯಾರದು ಎಂಬುದನ್ನೂ ವ್ಯಾಪಾರಿಯೊಂದಿಗೆ ಮೊದಲೇ ಗಟ್ಟಿಮಾಡಿಕೊಳ್ಳಬೇಕು.

ಹಂಗಾಮು ಮುಗಿದ ಮೇಲೆ ಚೆಂಡುಹೂ ಗಿಡವನ್ನು ಕಿತ್ತು ಸುಡದೆ ಕತ್ತರಿಸಿ ಮಡಿಗೇ ಸೇರಿಸಬಹುದು. ಆಸ್ಟರ್ ಬೆಳೆದ ಮಡಿಗೆ ಮುಂದಿನ ಸರದಿ ಬೇರೆ ಹೂವಿನದು, ಇಲ್ಲವೇ ಅಲಸಂದೆ, ಹುರುಳಿಯಂಥ ದ್ವಿದಳಧಾನ್ಯದ್ದು. ಸೊರಗಿದ ಗಿಡಗಳನ್ನು ಮಾತ್ರ ಹೊಲದಿಂದಾಚೆ ಸುಡಬೇಕು. ಸೇವಂತಿಗೆಯ ಕೆಲಸ ಇನ್ನೂ ಬಾಕಿ. ಜನವರಿ ಕೊನೆಗೆ ಹೂ ಮುಗಿದಾಗ, ಚೆನ್ನಾಗಿ ಹೂ ಕೊಟ್ಟ, ಎಲೆಚುಕ್ಕೆ ಬೀಳದ ಗಿಡಗಳನ್ನು ಗುರುತಿಟ್ಟು ನೆಲದಿಂದ ಗೇಣುದ್ದ ಬಿಟ್ಟು ಸವರಬೇಕು. ಬುಡದಿಂದ ಕಂದುಗಳು ಏಳುತ್ತವೆ. ಅವನ್ನು ಬೇಸಿಗೆ ದಾಟಿಸಲು ಮನೆಯ ನೀರು ಹರಿಯುವ ಕಡೆ, ತೆಂಗಿನ ಗರಿಯ ನೆರಳಲ್ಲಿ ಒಂದು ಮಡಿಯಷ್ಟು ಜಾಗ ಸಾಕು. ತಾಯಿಗಿಡ ಒಂದಕ್ಕೆ ಹತ್ತು ಕಂದು ಬೇರೊಡೆದರೂ ಎಪ್ಪತ್ತು ಗಿಡ ಉಳಿಸಿಕೊಂಡ ಮನೆಗೆ ಜೂನ್‌ನಲ್ಲಿ ಒಂದು ಗುಂಟೆಗೆ ಬೇಕಾದ ಏಳುನೂರು ಸಸಿ ಖರ್ಚಿಲ್ಲದೆ ಸಿಗುತ್ತವೆ.